ಅಮ್ಮನ ತಲೆಯ ಗಡ್ಡೆಗೆ ಜರ್ಮನಿಗೇ ಹೋಗಬೇಕಾ?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಅಮ್ಮನಿಗೆ 57 ವರ್ಷ. ಎರಡು ವರ್ಷದಿಂದ ಆಗಾಗ ತಲೆನೋವು ಇತ್ತು, ಗ್ಯಾಸ್ಟ್ರಿಕ್ ಅಂದುಕೊಂಡು ಸುಮ್ಮನಿದ್ದೆವು. ಕಳೆದ ತಿಂಗಳು ಅಡಿಕೆ ಸುಲಿಯುತ್ತಾ ಕೂತಿದ್ದಾಗ ಬಲಗಾಲು ತಾನಾಗಿ ಅದುರತೊಡಗಿತು. ಎರಡು ನಿಮಿಷದಲ್ಲಿ ನಿಂತಿತು. ಮಂಗಳೂರಿನಲ್ಲಿ ಎಂ.ಆರ್.ಐ. ಮಾಡಿಸಿದಾಗ ಎಡಗಡೆ 4 ಸೆಂಟಿಮೀಟರಿನ ಮೆನಿಂಜಿಯೋಮಾ ಇದೆ, ‘ಸೈನಸ್‌ಗೆ ತಾಗಿಕೊಂಡಿದೆ’ ಅಂದರು. ಒಂದು ತಿಂಗಳೊಳಗೆ ಆಪರೇಷನ್ ಮಾಡಿಸಬೇಕಂತೆ. ಶಾರ್ಜಾದಲ್ಲಿರುವ ಅಣ್ಣ ‘ತಲೆಯ ವಿಷಯ, ಇಲ್ಲಿ ಬೇಡ, ಜರ್ಮನಿಗೆ ಕರಕೊಂಡು ಹೋಗೋಣ’ ಅಂತ ಹಟ ಹಿಡಿದಿದ್ದಾನೆ. ಅಲ್ಲಿಂದ ಬಂದ ಅಂದಾಜು ನೋಡಿದರೆ ತೋಟದ ಒಂದು ಭಾಗ ಮಾರಬೇಕು. ಏನು ಮಾಡಲಿ? ಅಮ್ಮನಿಗೆ ಮಾತ್ರ ಒಂದೇ ಚಿಂತೆ, ತಲೆ ಪೂರ್ತಿ ಬೋಳಿಸುತ್ತಾರಾ ಅಂತ.

ಉತ್ತರ: ಮೊದಲು ನಿಮ್ಮ ಅಣ್ಣನ ಪರವಾಗಿ ಒಂದು ಮಾತು. ದೂರದಲ್ಲಿರುವ ಮಗನಿಗೆ ಅಮ್ಮನಿಗಾಗಿ ಕೈಯಲ್ಲಿ ಆಗುವುದು ಒಂದೇ, ದುಡ್ಡು ಹಾಕುವುದು. ರಾತ್ರಿ ಡ್ಯೂಟಿ ಮುಗಿಸಿ ರೂಮಿನಲ್ಲಿ ಕೂತು ಮೊಬೈಲಿನಲ್ಲಿ ‘ಬೆಸ್ಟ್ ಹಾಸ್ಪಿಟಲ್’ ಹುಡುಕುವ ಗಂಡುಮಕ್ಕಳನ್ನು ನಾನು ತುಂಬಾ ನೋಡಿದ್ದೇನೆ. ತಲೆಯ ಆಪರೇಷನ್ ಮಾಡುವ ನಾನೂ ಕುಂಬಳೆ ಕಡೆಯವನೇ, ನಮ್ಮಲ್ಲಿ ಯಾವ ಮನೆಯಲ್ಲಿ ಗಲ್ಫಿನಲ್ಲಿರುವ ಒಬ್ಬ ಇಲ್ಲ ಹೇಳಿ. ಆದ್ದರಿಂದ ಅವನ ಹತ್ತಿರ ಜಗಳ ಮಾಡಬೇಡಿ. ಈ ಉತ್ತರವನ್ನೇ ಕಳಿಸಿ.

ಈಗ ನೇರ ಮಾತು. ನೀವು ಬರೆದದ್ದನ್ನು ಓದಿದರೆ, ಈ ಗಡ್ಡೆಗೆ ಜರ್ಮನಿಗೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ತೋಟ ಮಾರಬೇಡಿ.

ಯಾಕೆ ಅಂತ ಹೇಳುತ್ತೇನೆ. ‘ಬ್ರೈನ್ ಟ್ಯೂಮರ್’ ಅನ್ನುವುದು ಒಂದು ಕಾಯಿಲೆಯ ಹೆಸರಲ್ಲ. ನೂರಕ್ಕಿಂತ ಜಾಸ್ತಿ ಬಗೆಯ ಗಡ್ಡೆಗಳನ್ನು ಹಾಕಿದ ಒಂದೇ ಚೀಲ ಅದು. ಅದರಲ್ಲಿ ಮೆನಿಂಜಿಯೋಮಾ ಮೆದುಳಿನ ಒಳಗಿನದ್ದೂ ಅಲ್ಲ. ಮೆದುಳನ್ನು ಸುತ್ತಿಕೊಂಡಿರುವ ಪೊರೆಯಿಂದ ಹುಟ್ಟಿ, ಮೆದುಳನ್ನು ಹೊರಗಿನಿಂದ ಮೆಲ್ಲ ಒತ್ತುತ್ತದೆ. ಹೆಂಗಸರಲ್ಲಿ ಜಾಸ್ತಿ. ಹತ್ತರಲ್ಲಿ ಸುಮಾರು ಎಂಟು ಗಡ್ಡೆ ಒಂದನೇ ಗ್ರೇಡಿನವು, ಅಂದರೆ ಕ್ಯಾನ್ಸರ್ ಅಲ್ಲ. ವರ್ಷಗಟ್ಟಲೆ ತೆಗೆದುಕೊಂಡು ಬೆಳೆಯುತ್ತವೆ. ನಿಮ್ಮ ಅಮ್ಮನ ಗಡ್ಡೆ 4 ಸೆಂಟಿಮೀಟರ್ ಆಗಿದೆ ಅಂದರೆ ಬಹುಶಃ ತುಂಬಾ ವರ್ಷದಿಂದ ಅಲ್ಲೇ ಇತ್ತು. ಒಂದು ವಾರದಲ್ಲಿ ಏನೋ ಆಗಿಬಿಡುತ್ತದೆ ಅಂತ ಹೆದರಿ ವಿಮಾನದ ಟಿಕೆಟ್ ಮಾಡಬೇಕಾಗಿಲ್ಲ. ಬಲಗಾಲು ಯಾಕೆ ಅದುರಿತು? ಮೆದುಳಿನ ಎಡಭಾಗ ದೇಹದ ಬಲಭಾಗವನ್ನು ನಡೆಸುತ್ತದೆ. ಕಾಲಿನ ಜಾಗ ಇರುವುದು ನೆತ್ತಿಯ ನಡುಗೆರೆಯ ಪಕ್ಕದಲ್ಲಿ. ಗಡ್ಡೆ ಅಲ್ಲಿ ಕೂತು ಕೆರಳಿಸಿತು, ಅಷ್ಟೇ. ಅದು ಫಿಟ್ಸೇ, ಸಣ್ಣದಾದರೂ. ಹಾಗಾಗಿ ಕೊಟ್ಟಿರುವ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ.

ನಿಮ್ಮ ಅಣ್ಣ ಹೆದರಿದ್ದು ‘ಸೈನಸ್’ ಅನ್ನುವ ಪದಕ್ಕೆ ಇರಬೇಕು. ಇದು ಶೀತ ಆದಾಗ ಮೂಗಿನ ಪಕ್ಕ ಕಟ್ಟಿಕೊಳ್ಳುವ ಸೈನಸ್ ಅಲ್ಲ. ಆಪರೇಷನ್ ಅಂದಾಗ ‘ಹಾಗಾದರೆ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋಗುತ್ತೇವೆ’ ಅಂದವರೂ ಇದ್ದಾರೆ! ತಲೆಬುರುಡೆಯ ಒಳಗೆ, ಹಣೆಯಿಂದ ಹಿಂದಲೆಯವರೆಗೆ ನಡುಗೆರೆಯಲ್ಲಿ ಒಂದು ದೊಡ್ಡ ರಕ್ತದ ಕಾಲುವೆ ಇದೆ. ಮೆದುಳಿನಲ್ಲಿ ಕೆಲಸ ಮುಗಿಸಿದ ರಕ್ತ ಅದರ ಮೂಲಕ ವಾಪಸ್ ಹೋಗುತ್ತದೆ. ಪೆರ್ಲದವರಿಗೆ ಇದನ್ನು ವಿವರಿಸುವುದು ಸುಲಭ, ನಿಮ್ಮ ಗುಡ್ಡದಲ್ಲಿ ಸುರಂಗ ಇರುತ್ತದಲ್ವಾ? ಮುರಕಲ್ಲು ಕೊರೆದು ಮಾಡಿದ, ಸದಾ ನೀರು ಜಿನುಗಿ ಹರಿಯುವ ಸುರಂಗ. ಅದರ ಗೋಡೆಗೆ ಒಂದು ಮರದ ಬೇರು ಅಂಟಿಕೊಂಡಿದೆ ಅಂದುಕೊಳ್ಳಿ. ಬೇರನ್ನು ಪೂರ್ತಿ ಕಿತ್ತರೆ ಗೋಡೆ ಒಡೆಯಬಹುದು. ಜಾಣ ಕೆಲಸದವನು ಗೋಡೆಯ ಹತ್ತಿರ ಒಂದು ಚೂರು ಬಿಟ್ಟು ಉಳಿದದ್ದನ್ನು ಕತ್ತರಿಸುತ್ತಾನೆ. ಸೈನಸ್‌ಗೆ ಅಂಟಿದ ಗಡ್ಡೆಯಲ್ಲೂ ಅಷ್ಟೇ. ಈ ಕಾಲುವೆಯ ಮುಂಭಾಗದ ಮೂರನೇ ಒಂದು ಪಾಲನ್ನು ಬೇಕಾದರೆ ಕಟ್ಟಿಬಿಡಬಹುದು. ನಡು ಮತ್ತು ಹಿಂಭಾಗ ತೆರೆದಿದ್ದರೆ ಹಾಗೆ ಕಟ್ಟಲು ಆಗುವುದಿಲ್ಲ, ಮೆದುಳು ಊದಿಕೊಳ್ಳುತ್ತದೆ. ನಿಮ್ಮ ಅಮ್ಮನ ಗಡ್ಡೆ ನಡುಭಾಗದಲ್ಲಿ ಇರುವಂತೆ ಕಾಣುತ್ತದೆ, ಕಾಲು ಅದುರಿದ್ದರಿಂದ ಹೇಳುತ್ತಿದ್ದೇನೆ. ಅಲ್ಲಿ ಒಂದು ಚೂರು ಬಿಟ್ಟು ಬರುವುದು ಸೋಲಲ್ಲ. ಬಿಟ್ಟದ್ದು ಮುಂದೆ ಬೆಳೆದರೆ ರೇಡಿಯೋ ಸರ್ಜರಿ ಇದೆ, ಅಂದರೆ ತಲೆ ತೆರೆಯದೆ ಗುರಿಯಿಟ್ಟು ಕಿರಣ ಕೊಡುವುದು. ಎಷ್ಟು ತೆಗೆದರು, ಎಷ್ಟು ಬಿಟ್ಟರು ಅನ್ನುವುದಕ್ಕೆ 1957ರಲ್ಲಿ ಡೊನಾಲ್ಡ್ ಸಿಂಪ್ಸನ್ ಎಂಬ ಸರ್ಜನ್ ಒಂದು ಲೆಕ್ಕ ಮಾಡಿಟ್ಟಿದ್ದಾರೆ. ಇವತ್ತಿಗೂ ನಾವು ಆಪರೇಷನ್ ಟಿಪ್ಪಣಿಯಲ್ಲಿ ‘ಸಿಂಪ್ಸನ್ ಗ್ರೇಡ್’ ಇಷ್ಟು ಅಂತ ಬರೆಯುತ್ತೇವೆ. ಆ ಕಾಗದ ಕೇಳಿ ತೆಗೆದುಕೊಳ್ಳಿ.

ಕಾಲುವೆ ತೆರೆದಿದೆಯಾ, ಆಗಲೇ ಮುಚ್ಚಿದೆಯಾ ಅಂತ ನೋಡಲು ಎಂ.ಆರ್. ವೀನೋಗ್ರಾಂ ಅನ್ನುವ ಪರೀಕ್ಷೆ ಇದೆ. ಗಡ್ಡೆ ನಿಧಾನವಾಗಿ ಬೆಳೆದು ಕಾಲುವೆಯನ್ನು ಮುಚ್ಚಿದ್ದರೆ ರಕ್ತ ಅಕ್ಕಪಕ್ಕದಲ್ಲಿ ಬೇರೆ ದಾರಿ ಮಾಡಿಕೊಂಡಿರುತ್ತದೆ. ಆ ದಾರಿಗಳನ್ನು ಕೆಡಿಸದೆ ಕೆಲಸ ಮಾಡಬೇಕು. ನಿಮ್ಮ ವರದಿಯಲ್ಲಿ ವೀನೋಗ್ರಾಂ ಇಲ್ಲದಿದ್ದರೆ ಆಪರೇಷನ್‌ಗೆ ಮೊದಲು ಮಾಡಿಸುತ್ತೀರಾ ಅಂತ ಡಾಕ್ಟರನ್ನು ಕೇಳಿ. ಜರ್ಮನಿಯ ಸರ್ಜನ್ ಕೂಡ ಮೊದಲು ಕೇಳುವುದು ಇದನ್ನೇ.

ನಾನು ಎರಡು ವರ್ಷ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಕಲಿತವನು. ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ, ಇಂಥ ಗಡ್ಡೆಗೆ ಅಲ್ಲಿ ಬಳಸುವ ಮೈಕ್ರೋಸ್ಕೋಪ್, ಗಡ್ಡೆ ಎಲ್ಲಿದೆ ಅಂತ ಪರದೆಯ ಮೇಲೆ ತೋರಿಸುವ ನ್ಯಾವಿಗೇಷನ್, ಗಡ್ಡೆಯನ್ನು ಪುಡಿ ಮಾಡಿ ಹೀರುವ ಅಲ್ಟ್ರಾಸೌಂಡ್ ಯಂತ್ರ, ಎಲ್ಲ ಅದೇ ಕಂಪನಿಗಳವು. ಇಲ್ಲಿನ ದೊಡ್ಡ ಆಸ್ಪತ್ರೆಗಳಲ್ಲೂ ಇವೆ. ಅಲ್ಲಿ ಕಾರಿಡಾರ್ ಚೆನ್ನಾಗಿರುತ್ತದೆ, ಕಾಫಿ ಚೆನ್ನಾಗಿರುವುದಿಲ್ಲ. ನಿಜವಾದ ವ್ಯತ್ಯಾಸ ಬರುವುದು ಆಪರೇಷನ್ ಮುಗಿದ ಮೇಲೆ. ಅದನ್ನು ಯಾರೂ ಯೋಚಿಸುವುದಿಲ್ಲ.

ಒಂದು ಬೆಳಿಗ್ಗೆ ನೆನಪಾಗುತ್ತದೆ. ಅಲ್ಲಿನ ಐ.ಸಿ.ಯು.ನಲ್ಲಿ ನಮ್ಮ ಕರಾವಳಿಯ ಹಿರಿಯರೊಬ್ಬರು ಮಲಗಿದ್ದರು. ಎಡಭಾಗದ ಗಡ್ಡೆ, ಹಿಂದಿನ ದಿನ ಆಪರೇಷನ್ ಆಗಿತ್ತು. ಎಡಭಾಗ ಅಂದರೆ ಮಾತಿನ ಜಾಗ ಹತ್ತಿರ ಇರುತ್ತದೆ, ಹಾಗಾಗಿ ಗಂಟೆಗೊಮ್ಮೆ ಮಾತಾಡಿಸಿ ನೋಡಬೇಕು. ನರ್ಸ್ ಇಂಗ್ಲಿಷಿನಲ್ಲಿ ಹೆಸರು ಕೇಳಿದರು, ಪೆನ್ನು ತೋರಿಸಿ ಇದೇನು ಅಂದರು. ಅವರು ಮೇಲಿನ ಮಾಡನ್ನು ನೋಡುತ್ತಾ ಸುಮ್ಮನಿದ್ದರು. ಮಾತು ಹೋಗಿರಬಹುದು ಅಂತ ಚಾರ್ಟಿನಲ್ಲಿ ಬರೆದು, ಇನ್ನೊಮ್ಮೆ ಸಿ.ಟಿ.ಗೆ ಕರಕೊಂಡು ಹೋಗುವ ತಯಾರಿ ನಡೆದಿತ್ತು. ನಾನು ಹತ್ತಿರ ಹೋಗಿ ಬಗ್ಗಿ ತುಳುವಿನಲ್ಲಿ ಕೇಳಿದೆ, ‘ಒಣಸ್ ಆಂಡಾ?’ ಕಣ್ಣು ಹೊರಳಿತು. ‘ಇಜ್ಜಿ, ಬಡವಾಪುಂಡು’ ಅಂದರು. ಊಟ ಆಗಿಲ್ಲ, ಹಸಿವಾಗುತ್ತಿದೆ! ಮಾತು ಎಲ್ಲಿಗೂ ಹೋಗಿರಲಿಲ್ಲ. ಅರಿವಳಿಕೆಯ ಮಂಪರಿನಲ್ಲಿ ಇಂಗ್ಲಿಷ್ ಬರಲಿಲ್ಲ, ಅಷ್ಟೇ. ಆ ದಿನ ನಾನು ಅಲ್ಲಿ ಇಲ್ಲದಿದ್ದರೆ ಸುಮ್ನೆ ಇನ್ನೊಂದು ಸ್ಕ್ಯಾನ್ ಆಗುತ್ತಿತ್ತು, ದೊಡ್ಡ ಅಪಾಯವೇನೂ ಇರಲಿಲ್ಲ. ಆದರೆ ಇದರ ಉಲ್ಟಾ ಕೂಡ ಆಗಬಹುದು. ಮಾತು ನಿಜವಾಗಿಯೂ ಜಾರುತ್ತಿರುವಾಗ ‘ಪಾಪ, ಭಾಷೆ ಬರುವುದಿಲ್ಲ’ ಅಂತ ಬಿಟ್ಟುಬಿಟ್ಟರೆ? ತಲೆಯ ಆಪರೇಷನ್ ಆದ ಮೊದಲ 24 ಗಂಟೆಯಲ್ಲಿ ಒಳಗೆ ರಕ್ತ ಕಟ್ಟಿಕೊಂಡರೆ ಅದರ ಮೊದಲ ಸೂಚನೆ ಮಂಕು ಕವಿಯುವುದು, ತೊದಲುವುದು. ಕಾಸರಗೋಡಿನವರು ನಾವು ದಿನಕ್ಕೆ ಮೂರ್ನಾಲ್ಕು ಭಾಷೆ ಆಡುತ್ತೇವೆ. ನಿಜ. ಆದರೆ ನೋವಿನಲ್ಲಿ, ಅರೆನಿದ್ದೆಯಲ್ಲಿ ಬಾಯಿಗೆ ಬರುವುದು ಮನೆಯ ಭಾಷೆ ಒಂದೇ. ನಿಮ್ಮ ಅಮ್ಮ ಎಲ್ಲೇ ಇರಲಿ, ಅವರ ಭಾಷೆಯಲ್ಲಿ ಮಾತಾಡಿಸುವವರು ಒಬ್ಬರು ಆ ರಾತ್ರಿ ಹೊರಗಡೆಯಾದರೂ ಇರಬೇಕು. ತಿರುವನಂತಪುರಕ್ಕೆ ಹೋದರೂ ಇದೇ ಮಾತು.

ಇನ್ನೊಂದು ಘಟನೆ, ಈ ಸಲ ಊರಿನಲ್ಲಿ. ವಿದೇಶದಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದ ಮೂರನೇ ವಾರದಲ್ಲಿ ಒಬ್ಬರು ನನ್ನ ಹತ್ತಿರ ಬಂದರು. ಹೊಲಿಗೆಯ ಒಂದು ತುದಿಯಲ್ಲಿ ಕೀವು, ಜ್ವರ. ಕೈಯಲ್ಲಿ ದಪ್ಪನೆಯ ಫೈಲ್, ಎಲ್ಲ ಅಲ್ಲಿನ ಭಾಷೆಯಲ್ಲಿ. ಬಿಲ್ಲು ಒಂದೊಂದು ಹತ್ತಿಗೂ ಇತ್ತು, ಆಪರೇಷನ್ ಟಿಪ್ಪಣಿ ಮಾತ್ರ ಇರಲಿಲ್ಲ. ಪೊರೆಯನ್ನು ಯಾವುದರಿಂದ ತೇಪೆ ಹಾಕಿದ್ದಾರೆ, ಮೂಳೆಯನ್ನು ಯಾವುದರಿಂದ ಕೂರಿಸಿದ್ದಾರೆ, ಗೊತ್ತಿಲ್ಲ. ಮೇಲ್ ಹಾಕಿದೆವು. ಉತ್ತರ ಬರುವ ಹೊತ್ತಿಗೆ ನಾನು ತಲೆ ತೆರೆದು ತೊಳೆದು ಮುಚ್ಚಿ ಆಗಿತ್ತು. ಗಾಯ ಮಾಗಿತು. ಆದರೆ ಬೇರೆಯವರು ಕಟ್ಟಿದ ಮನೆಯ ವಯರಿಂಗನ್ನು ನಕ್ಷೆ ಇಲ್ಲದೆ ಬಿಚ್ಚುವ ಹಾಗಿತ್ತು ಆ ಕೆಲಸ. ಆಪರೇಷನ್ ಒಂದು ದಿನದ್ದು. ಸೋಂಕು, ಮೆದುಳಿನ ಸುತ್ತಲಿನ ನೀರು ಸೋರುವುದು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು, ಫಿಟ್ಸ್, ಇವೆಲ್ಲ ಮನೆಗೆ ಬಂದ ಮೇಲೂ ಬರುತ್ತವೆ. ಬಯಾಪ್ಸಿಯಲ್ಲಿ ಎರಡನೇ ಗ್ರೇಡ್ ಅಂತ ಬಂದರೆ ರೇಡಿಯೇಷನ್ ಬೇಕಾಗಬಹುದು. ಅದು ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ. ಜರ್ಮನಿಯಲ್ಲಿ ಆರು ವಾರ ರೂಮು ಮಾಡಿ ಇರುತ್ತೀರಾ?

ಹಾಗಾದರೆ ಯಾರೂ ವಿದೇಶಕ್ಕೆ ಹೋಗಲೇಬಾರದಾ? ಹಾಗಲ್ಲ. ಗಲ್ಫಿನಲ್ಲಿ ಕೆಲಸ ಮಾಡುವವರಿಗೆ ಅಲ್ಲೇ ಫಿಟ್ಸ್ ಬಂದು, ಕಂಪನಿಯ ಇನ್ಶೂರೆನ್ಸ್ ಖರ್ಚು ಕೊಡುತ್ತದೆ ಅಂದರೆ ಅಲ್ಲೇ ಮಾಡಿಸುವುದು ತಪ್ಪೇನಲ್ಲ. ಕೆಲವು ಅಪರೂಪದ ಗಡ್ಡೆಗಳಿಗೆ ಜೀವಮಾನ ಕಳೆದ ಸರ್ಜನ್‌ಗಳು ಕೆಲವು ಊರುಗಳಲ್ಲಿ ಇದ್ದಾರೆ. ಜರ್ಮನಿಯ ಹ್ಯಾನೋವರ್ ಅಂದ ಕೂಡಲೇ ಜನ ಮಜೀದ್ ಸಮೀಯಿ ಅವರ ಹೆಸರು ಹೇಳುವುದು ಅದಕ್ಕೇ. ಅವರ ಹೆಸರಾದದ್ದು ತಲೆಬುರುಡೆಯ ತಳದ ಗಡ್ಡೆಗಳಿಗೆ, ಅದರಲ್ಲೂ ಕಿವಿಯ ನರದ ಗಡ್ಡೆಗಳಿಗೆ. ನಿಮ್ಮ ಅಮ್ಮನದ್ದು ನೆತ್ತಿಯದ್ದು. ಮೊದಲೆಲ್ಲ ಪ್ರೋಟಾನ್ ಅನ್ನುವ ಕಿರಣದ ಚಿಕಿತ್ಸೆಗೆ ಮಕ್ಕಳನ್ನು ವಿದೇಶಕ್ಕೆ ಕರಕೊಂಡು ಹೋಗಬೇಕಿತ್ತು. 2019ರಿಂದ ಅದು ಚೆನ್ನೈಯಲ್ಲೇ ಇದೆ. ಇನ್ನು ಗ್ಲಿಯೋಬ್ಲಾಸ್ಟೋಮಾ ಅಂತ ಒಂದು ಕೆಟ್ಟ ಗಡ್ಡೆ ಇದೆ, ಮೆದುಳಿನ ಒಳಗಿನದ್ದು. ಅದು ಬಂದವರ ಮನೆಯವರೇ ಆಸ್ತಿ ಮಾರಿ ವಿಮಾನ ಹತ್ತುವುದು ಜಾಸ್ತಿ. ನನಗೆ ತುಂಬಾ ಬೇಸರ ಆಗುವುದು ಅಲ್ಲಿ. ಆಪರೇಷನ್, ಆಮೇಲೆ ಆರು ವಾರ ರೇಡಿಯೇಷನ್ ಜೊತೆಗೆ ಟೆಮೊಜೊಲೊಮೈಡ್ ಮಾತ್ರೆ, 2005ರಿಂದ ಜಗತ್ತಿನಾದ್ಯಂತ ಇದೇ ಕ್ರಮ. ಬೋಸ್ಟನ್‌ನಲ್ಲೂ ಅದೇ, ಬೆಂಗಳೂರಿನಲ್ಲೂ ಅದೇ. ಹೊಸ ಔಷಧಿಯ ಒಂದು ಪ್ರಯೋಗಕ್ಕೆ ರೋಗಿಯ ಹೆಸರು ಬರೆದು ಸೇರಿಸಿಕೊಂಡಿದ್ದಾರೆ ಅಂದರೆ ಹೋಗುವುದಕ್ಕೆ ಅರ್ಥ ಇದೆ. ‘ಅಲ್ಲಿ ಏನಾದರೂ ಇರಬಹುದು’ ಅಂತ ಹೋಗುವುದಕ್ಕೆ ಇಲ್ಲ.

ಅಣ್ಣ ಇಷ್ಟಾದರೂ ಒಪ್ಪದಿದ್ದರೆ ಅವನಿಗೆ ಒಂದು ಕೆಲಸ ಕೊಡಿ. ಅಮ್ಮನ ತಲೆಯನ್ನು ಕಳಿಸುವ ಮೊದಲು ಅಮ್ಮನ ಎಂ.ಆರ್.ಐ. ಕಳಿಸಲಿ. ಫಿಲ್ಮನ್ನು ಕಿಟಕಿಗೆ ಹಿಡಿದು ತೆಗೆದ ವಾಟ್ಸಾಪ್ ಫೋಟೋ ಆಗುವುದಿಲ್ಲ. ನನಗೆ ಬರುವ ಅಂಥ ಫೋಟೋಗಳಲ್ಲಿ ಮೆದುಳಿನ ಹಿಂದೆ ತೆಂಗಿನಮರ ಕಾಣುತ್ತಿರುತ್ತದೆ. ಸ್ಕ್ಯಾನ್ ಸೆಂಟರಿನಲ್ಲಿ ‘ಡೈಕಾಮ್ ಸಿ.ಡಿ. ಕೊಡಿ’ ಅಂತ ಕೇಳಿ. ಅದರಲ್ಲಿ ನೂರಾರು ಚಿತ್ರ ಇರುತ್ತದೆ, ಅದನ್ನೇ ಅಪ್‌ಲೋಡ್ ಮಾಡಬೇಕು. ಜರ್ಮನಿಯ ಆಸ್ಪತ್ರೆಗೂ ಕಳಿಸಿ, ತಿರುವನಂತಪುರದ ಶ್ರೀ ಚಿತ್ರಾ ಆಸ್ಪತ್ರೆಗೂ, ಬೆಂಗಳೂರಿನ ನಿಮ್ಹಾನ್ಸ್‌ಗೂ ಅದನ್ನೇ ಹಿಡಿದುಕೊಂಡು ಹೋಗಿ. ನಾಲ್ಕು ಕಡೆ ಒಂದೇ ಮಾತು ಬಂದರೆ ಅಣ್ಣನಿಗೆ ನಿದ್ದೆ ಬರುತ್ತದೆ. ಆಪರೇಷನ್ ಆದ ಮೇಲೆ ಬಯಾಪ್ಸಿಯಲ್ಲಿ ಸಂಶಯ ಇದ್ದರೂ ಹೀಗೇ. ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿದ ಬ್ಲಾಕ್ ಅಂತ ಇರುತ್ತದೆ, ಅದು ಕೊರಿಯರಿನಲ್ಲಿ ಹೋಗುತ್ತದೆ. ಅಮ್ಮ ಹೋಗಬೇಕಾಗಿಲ್ಲ.

ಹೋಗುವುದೇ ಅಂತಾದರೆ ಕೆಲವು ವಿಷಯ ಗೊತ್ತಿರಲಿ. ಜರ್ಮನಿಗೆ ಬೇಕಾದ ಷೆಂಗೆನ್ ವೀಸಾಕ್ಕೆ 30,000 ಯೂರೋದ ಇನ್ಶೂರೆನ್ಸ್ ಕಡ್ಡಾಯ. ಆದರೆ ಅದು ಅಲ್ಲಿ ಅಚಾನಕ್ ಬರುವ ಕಾಯಿಲೆಗೆ. ಮೊದಲೇ ಗೊತ್ತಿರುವ ಗಡ್ಡೆಯ ಆಪರೇಷನ್‌ಗೆ ಅದು ಒಂದು ಪೈಸೆ ಕೊಡುವುದಿಲ್ಲ. ಈ ವೀಸಾದಲ್ಲಿ 180 ದಿನದೊಳಗೆ 90 ದಿನ ಇರಬಹುದು. ರೇಡಿಯೇಷನ್ ಸೇರಿದರೆ ಅದು ಬೇಗ ಮುಗಿಯುತ್ತದೆ. ಊರಿನಿಂದ ದುಡ್ಡು ಕಳಿಸುವುದಾದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರು ವರ್ಷಕ್ಕೆ 2,50,000 ಡಾಲರ್ ಕಳಿಸಬಹುದು. ಚಿಕಿತ್ಸೆಗೆ ಅದಕ್ಕಿಂತ ಜಾಸ್ತಿ ಬೇಕಿದ್ದರೆ ಆಸ್ಪತ್ರೆಯ ಅಂದಾಜು ಪತ್ರ ತೋರಿಸಬೇಕು. ಮತ್ತೆ ನಮ್ಮ ಗಡಿನಾಡಿನ ಹಳೆಯ ಕಾಟ, ಹೆಸರು. ಪಾಸ್‌ಪೋರ್ಟಿನಲ್ಲಿ ಒಂದು ಇನಿಶಿಯಲ್, ಆಧಾರಿನಲ್ಲಿ ಇನ್ನೊಂದು, ರೇಷನ್ ಕಾರ್ಡಿನಲ್ಲಿ ಮಲಯಾಳದಿಂದ ಬಂದ ಮೂರನೇ ಸ್ಪೆಲಿಂಗ್, ಎಂ.ಆರ್.ಐ. ಫಿಲ್ಮಿನಲ್ಲಿ ಅಮ್ಮನನ್ನು ಮನೆಯಲ್ಲಿ ಕರೆಯುವ ಹೆಸರು. ಮೊದಲು ಇವನ್ನೆಲ್ಲ ಒಂದು ಮಾಡಿ.

ವಿಮಾನದ ಒಳಗಿನ ಗಾಳಿ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಯಷ್ಟು ತೆಳು. ಹೋಗುವಾಗ ಗಡ್ಡೆಯ ಸುತ್ತ ಊತ ಇದ್ದರೆ ಡಾಕ್ಟರು ಡೆಕ್ಸಾಮೆಥಾಸೋನ್ ಕೊಟ್ಟು ಇಳಿಸಿರಬೇಕು. ಆ ಮಾತ್ರೆಯಿಂದ ಸಕ್ಕರೆ ಏರುತ್ತದೆ, ಇದ್ದಕ್ಕಿದ್ದಂತೆ ನಿಲ್ಲಿಸಲೂಬಾರದು. ಬರುವಾಗ ಬೇರೆ ತೊಂದರೆ. ತಲೆ ತೆರೆದು ಮುಚ್ಚಿದ ಮೇಲೆ ಒಳಗೆ ಸ್ವಲ್ಪ ಗಾಳಿ ಉಳಿದಿರುತ್ತದೆ, ಮೇಲೆ ಹೋದಾಗ ಅದು ಹಿಗ್ಗುತ್ತದೆ. ಆದ್ದರಿಂದ ಗಾಳಿ ಕರಗಿದೆ ಅಂತ ಸಿ.ಟಿ.ಯಲ್ಲಿ ನೋಡಿ, ವಿಮಾನ ಹತ್ತಬಹುದು ಅಂತ ಬರೆಯುವ ಏರ್‌ಲೈನಿನ ಮೆಡಿಫ್ ಫಾರಂ ಡಾಕ್ಟರಿಂದ ತುಂಬಿಸಿಯೇ ಹತ್ತಬೇಕು. ಫಿಟ್ಸಿನ ಮಾತ್ರೆ ಕೈಚೀಲದಲ್ಲೇ ಇರಲಿ, ಚೀಟಿಯ ಜೊತೆ. ಅದರಲ್ಲಿ ಕ್ಲೋಬಜಾಮ್ ಇದ್ದು, ದಾರಿಯಲ್ಲಿ ಶಾರ್ಜಾದಲ್ಲಿ ಇಳಿದು ಎರಡು ದಿನ ಅಣ್ಣನ ಮನೆಯಲ್ಲಿ ಇರೋಣ ಅಂತಿದ್ದರೆ ಹುಷಾರು. ಯು.ಎ.ಇ.ಯಲ್ಲಿ ಅದು ನಿಯಂತ್ರಿತ ಔಷಧಿ, ಮೊದಲೇ ಆನ್‌ಲೈನ್ ಅನುಮತಿ ತೆಗೆದುಕೊಳ್ಳಬೇಕು.

ಇಷ್ಟೆಲ್ಲ ಓದಿ ತಲೆ ತಿರುಗಿತಾ? ನಿಮ್ಮ ಮನೆಯಿಂದ ಮಂಗಳೂರಿಗೆ ಎರಡು ಗಂಟೆಯ ದಾರಿ. ಅದೂ ಒಂದು ಕಾಲದಲ್ಲಿ ವಿದೇಶವಾಗಿತ್ತು ಅನ್ನಿ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ತಲಪಾಡಿಯಿಂದ ಆಂಬುಲೆನ್ಸ್‌ಗಳು ವಾಪಸ್ ಹೋದದ್ದನ್ನು ನಾವು ಯಾರೂ ಮರೆತಿಲ್ಲ. ಆಸ್ಪತ್ರೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ, ಬೇಕಾದಾಗ ಅಲ್ಲಿಗೆ ಮುಟ್ಟಲು ಆಗುತ್ತದಾ ಅನ್ನುವುದು ಮುಖ್ಯ ಅಂತ ನನಗೆ ಆಗಲೇ ಅನ್ನಿಸಿದ್ದು.

ಮಂಗಳೂರಿನ ಡಾಕ್ಟರ ಹತ್ತಿರ ಮುಂದಿನ ಸಲ ಹೋದಾಗ ಸಂಕೋಚ ಇಲ್ಲದೆ ಕೇಳಿ. ಇಂಥ, ಸೈನಸ್‌ಗೆ ತಾಗಿದ ಗಡ್ಡೆ ವರ್ಷಕ್ಕೆ ಎಷ್ಟು ಮಾಡುತ್ತೀರಿ? ತಲೆ ತೆರೆದ ಮೇಲೆ ಮೈಕ್ರೋಸ್ಕೋಪಿನಲ್ಲಿ ಕೂರುವುದು ನೀವೇನಾ? ಎಷ್ಟು ಬಿಟ್ಟುಬರುವ ಅಂದಾಜು ಇದೆ? ಆಪರೇಷನ್ ಆದ ಕೂಡಲೇ ಬಲಗಾಲು ಸೋಲಬಹುದಾ, ಸೋತರೆ ಎಷ್ಟು ಸಮಯದಲ್ಲಿ ಬರುತ್ತದೆ? ರಾತ್ರಿ ಎರಡು ಗಂಟೆಗೆ ಸಿ.ಟಿ. ಬೇಕಾದರೆ ತೆಗೆಯುವವರು ಇದ್ದಾರಾ? ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಪ್ರಶ್ನೆ ಕೇಳಿದ್ದಕ್ಕೆ ಸಿಟ್ಟಾಗುವ ಡಾಕ್ಟರಾದರೆ ಬೇರೆಯವರನ್ನು ನೋಡಿ. ಅದಕ್ಕೂ ಜರ್ಮನಿ ಬೇಡ, ವೆಲ್ಲೂರಿನ ಸಿ.ಎಂ.ಸಿ. ಇದೆ. ನಮ್ಮ ದೇಶದ ಮೊದಲ ನ್ಯೂರೋಸರ್ಜರಿ ವಿಭಾಗವನ್ನು ಜೇಕಬ್ ಚಾಂಡಿ 1949ರಲ್ಲಿ ಶುರು ಮಾಡಿದ್ದು ಅಲ್ಲೇ. ಕೇರಳದ ಆರೋಗ್ಯ ಕಾರ್ಡ್ ಇದ್ದರೆ ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯ ಡೆಸ್ಕಿನಲ್ಲಿ ತೋರಿಸಿ ಕೇಳಿ, ಆಮೇಲೆ ಅಲ್ಲ. ಅಣ್ಣನ ದುಡ್ಡು ವ್ಯರ್ಥ ಆಗುವುದಿಲ್ಲ. ಅವನಿಗೆ ಒಂದು ತಿಂಗಳು ರಜೆ ಹಾಕಿ ಬರಲು ಹೇಳಿ. ಆಪರೇಷನ್ ಆದ ಮೇಲೆ ಅಮ್ಮನನ್ನು ಕೈ ಹಿಡಿದು ಅಂಗಳದಲ್ಲಿ ನಡೆಸಲು, ಫಿಸಿಯೋಥೆರಪಿಗೆ ಕರಕೊಂಡು ಹೋಗಲು ಒಬ್ಬ ಗಟ್ಟಿ ಆಳು ಬೇಕು.

ಇನ್ನು ಅಮ್ಮನ ಪ್ರಶ್ನೆ. ಪೂರ್ತಿ ಬೋಳಿಸಬೇಕಾಗಿಲ್ಲ. ಈಗ ಹೆಚ್ಚಿನವರು ಗಾಯ ಬರುವ ಗೆರೆಯ ಉದ್ದಕ್ಕೆ ಒಂದೆರಡು ಬೆರಳಿನ ಅಗಲ ಮಾತ್ರ ಮಿಷನ್ನಿನಲ್ಲಿ ಕತ್ತರಿಸುತ್ತಾರೆ. ಆದರೆ ಕೆಲವು ಕಡೆ ವಾರ್ಡಿನವರು ಹಳೆಯ ಅಭ್ಯಾಸದಂತೆ ಹಿಂದಿನ ರಾತ್ರಿಯೇ ಎಲ್ಲ ತೆಗೆದುಬಿಡುತ್ತಾರೆ. ಹಾಗಾಗಿ ಒಂದು ದಿನ ಮೊದಲೇ ಸರ್ಜನ್ ಹತ್ತಿರ ಅಮ್ಮನ ಎದುರಿಗೇ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಹಿಂದಿನ ದಿನ ತಲೆಗೆ ಎಣ್ಣೆ ಹಾಕದೆ ಚೆನ್ನಾಗಿ ಸ್ನಾನ ಮಾಡಿಸಿ, ಗೆರೆಯ ಎರಡೂ ಬದಿಗೆ ಬಿಗಿಯಾಗಿ ಜಡೆ ಹಾಕಿ. ಹೊಲಿಗೆ ತೆಗೆದು ಗಾಯ ಒಣಗಿದ ಮೇಲೆ ಆ ಜಡೆಯನ್ನು ಅದರ ಮೇಲೆ ತಂದರೆ ಏನೂ ಕಾಣುವುದಿಲ್ಲ. ಮಲ್ಲಿಗೆ ಮುಡಿಯಬಹುದಾ ಅಂತಲೂ ಕೇಳುತ್ತಾರೆ, ನೋಡಿ. ಮುಡಿಯಬಹುದು, ಗಾಯ ಪೂರ್ತಿ ಒಣಗಿದ ಮೇಲೆ.